ಕೆಮ್ಮಣ್ಣು ಬೊಟ್ಟಿನ ಹುಂಡಿ

ಕಳೆದ ವಾರ ಮಗಳು ನನ್ನನ್ನು ಒಂದು ಮಾತೂ ಕೇಳದೆ ಕಂಬಳಿಯನ್ನು ಬಕೆಟ್ಟಿನಲ್ಲಿ ನೆನೆಹಾಕಿಬಿಟ್ಟಳು. ನಾನು ಹಿತ್ತಲಿಗೆ ಹೋಗುವಷ್ಟರಲ್ಲಿ ವಾಸನೆ ಎದ್ದಿತ್ತು. ಒದ್ದೆ ಉಣ್ಣೆಯ ವಾಸನೆ, ಅದರೊಳಗೆ ಗಂಜಿ ಸೀದಂಥ ಇನ್ನೊಂದು ವಾಸನೆ. ಅದು ಹುಣಸೆ ಬೀಜದ ಸರಿ, ನೂಲಿಗೆ ಹಚ್ಚುವ ಅಂಟು. ಕಂಬಳಿ ನೇಯುವವರು ಹುಣಸೆ ಬೀಜವನ್ನು ಹುರಿದು, ಸಿಪ್ಪೆ ತೆಗೆದು, ಅರೆದು, ಕುದಿಸಿ ನೂಲಿಗೆ ಬಳಿಯುತ್ತಾರೆ. ಅದಕ್ಕೇ ಹೊಸ ಕಂಬಳಿ ಹಲಗೆಯ ಹಾಗೆ ಸೆಟೆದು ನಿಲ್ಲುತ್ತದೆ, ಮೈಗೆ ಚುಚ್ಚುತ್ತದೆ. ಒಂದೆರಡು ಸಲ ನೀರು ಕಂಡರೆ ಮೆತ್ತಗಾಗುತ್ತದೆ. ನಾನು ಅದನ್ನು ಒಮ್ಮೆಯೂ ಒಗೆದಿರಲಿಲ್ಲ. ವರ್ಷಕ್ಕೊಮ್ಮೆ ಬಿಸಿಲಿಗೆ ಹರವಿ, ಬೇವಿನ ಸೊಪ್ಪು ಇಟ್ಟು ಮಡಿಸಿ, ನಲವತ್ತು ಚಿಲ್ಲರೆ ವರ್ಷ ಟ್ರಂಕಿನಲ್ಲಿ ಇಟ್ಟುಕೊಂಡಿದ್ದೆ. ಯಾಕೆ ಎಂದು ಮಗಳು ಕೇಳಿದ್ದರೆ ಹೇಳುತ್ತಿದ್ದೆನೋ ಇಲ್ಲವೋ...

ಕಂಬಳಿ ಕೊಟ್ಟವಳನ್ನು ನಾನು ಅಕ್ಕ ಎನ್ನುತ್ತಿದ್ದೆ. ಒಡಹುಟ್ಟಿದವಳಲ್ಲ. ಎಪ್ಪತ್ತರ ದಶಕದ ನಡುವಿನಲ್ಲಿ ಹಿರಿಯೂರಿನಲ್ಲಿ ನಾವಿಬ್ಬರೂ ಒಂದೇ ಕೋಣೆಯಲ್ಲಿ ಬಾಡಿಗೆಗಿದ್ದೆವು. ನಾನು ಹೊಳಲ್ಕೆರೆಯವಳು, ಪ್ರೈಮರಿ ಸ್ಕೂಲಿಗೆ ಹೊಸದಾಗಿ ಸೇರಿದ ಟೀಚರು. ಅವಳು ಹೆರಿಗೆ ವಾರ್ಡಿನ ನರ್ಸು, ನನಗಿಂತ ಏಳೆಂಟು ವರ್ಷಕ್ಕೆ ದೊಡ್ಡವಳು. ಜವನಗೊಂಡನಹಳ್ಳಿಯ ಕುರಿ ಕಾಯುವ ಮನೆಯಿಂದ ಬಂದು ನರ್ಸಿಂಗ್ ಓದಿದವಳು. ಮದುವೆಯಾಗಿರಲಿಲ್ಲ. ಆಗ ನರ್ಸು ಎಂದರೆ ಜನ ಹೆರಿಗೆಗೆ ಕೈ ಮುಗಿಯುತ್ತಿದ್ದರು, ಸೊಸೆ ಮಾಡಿಕೊಳ್ಳಿ ಎಂದರೆ ಮೂಗು ಮುರಿಯುತ್ತಿದ್ದರು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎನ್ನುವ ಜಾತಿ ಅದು. ಅಕ್ಕ ಅದನ್ನು ತಲೆಗೆ ಹಚ್ಚಿಕೊಂಡಂತೆ ಕಾಣುತ್ತಿರಲಿಲ್ಲ. ಹಚ್ಚಿಕೊಂಡಿದ್ದರೂ ನನಗೆ ತಿಳಿಯುತ್ತಿರಲಿಲ್ಲ.

ಮನೆಯೊಡತಿ ಒಬ್ಬಳು ಅಜ್ಜಿ. ಅವಳ ಮಗ ಅಂಗಳದಲ್ಲಿ ಕಂಬಳಿ ನೇಯುತ್ತಿದ್ದ, ಅಜ್ಜಿ ನೂಲುತ್ತಿದ್ದಳು, ಸರಿ ಕಾಯಿಸುತ್ತಿದ್ದಳು. ಸಾರಿಗೆ ಹುಣಸೆಹಣ್ಣು ಕಿವುಚಿದರೆ ಬೀಜ ಎಸೆಯುವಂತಿರಲಿಲ್ಲ. ತೊಳೆದು ಒಣಗಿಸಿ ಅಜ್ಜಿಯ ಮೊರಕ್ಕೆ ಹಾಕಬೇಕು. ಬಾಡಿಗೆಯ ಜೊತೆ ಅದೊಂದು ಕಾಯಂ ಕರಾರು.

ನಮ್ಮಪ್ಪ ನನ್ನನ್ನು ಹಿರಿಯೂರಿಗೆ ಕಳಿಸಿದ್ದೇ ಅಕ್ಕನ ಮುಖ ನೋಡಿ. ನನಗೆ ಹೊಸದುರ್ಗದಲ್ಲಿ ತೆಂಗಿನಕಾಯಿ ವ್ಯಾಪಾರ ಮಾಡುವ ಸೋದರಮಾವನಿದ್ದ, ಅವನಿಗೆ ನನ್ನನ್ನು ಕೊಡುವ ಮಾತು ನಡೆದಿತ್ತು. ನನಗೆ ಅವನೂ ಬೇಡವಾಗಿತ್ತು, ಅವನ ಕಾಯಿ ರಾಶಿಯೂ ಬೇಡವಾಗಿತ್ತು. ಅಪ್ಪ ಕೊನೆಗೆ ಒಪ್ಪಿದ್ದು ಒಂದು ಷರತ್ತಿನ ಮೇಲೆ.

"ಆ ನರ್ಸಮ್ಮ ಜೊತೆಗವ್ಳೆ ಅಂತ ಬಿಡ್ತಿದೀನಿ. ಅವಳು ಅಲ್ಲಿಂದ ಹೋದ್ಲೋ, ಮಾರನೇ ದಿನ ನೀನೂ ಬಸ್ ಹತ್ತಬೇಕು."

ಅಕ್ಕ ಇರುವ ತನಕ ನನ್ನ ಕೆಲಸ. ಇದು ನನಗೆ ಗೊತ್ತಿತ್ತು, ಅಕ್ಕನಿಗೂ ಗೊತ್ತಿತ್ತು.

ಹೀಗಿರುವಾಗ ಅಕ್ಕನಿಗೆ ಬೊಂಬಾಯಿಯಿಂದ ಉದ್ದನೆಯ ಲಕೋಟೆ ಬಂತು. ಆಗೆಲ್ಲ ಇರಾನ್ ದೇಶದ ಆಸ್ಪತ್ರೆಗಳಿಗೆ ಇಲ್ಲಿಂದ ನರ್ಸುಗಳನ್ನು ಕರೆಸಿಕೊಳ್ಳುತ್ತಿದ್ದರು. ಅಕ್ಕ ಯಾವಾಗಲೋ ಅರ್ಜಿ ಹಾಕಿದ್ದಳಂತೆ, ನನಗೆ ಹೇಳಿರಲಿಲ್ಲ. ಮೂರು ವರ್ಷದ ಕರಾರು. ಬರುತ್ತೀಯೋ ಇಲ್ಲವೋ ಎಂದು ಒಂದೂವರೆ ತಿಂಗಳೊಳಗೆ ಬರೆದು ತಿಳಿಸಬೇಕು. ಅಕ್ಕ ಓದಿ, ಮಡಿಸಿ, ತಲೆದಿಂಬಿನ ಕೆಳಗೆ ಇಟ್ಟು, ರಾಗಿ ಹಿಟ್ಟು ಜರಡಿ ಹಿಡಿಯಲು ಕುಳಿತಳು.

ಮುಂದಿನ ಸಂತೆಯಲ್ಲಿ ಅವಳು ಕುಂಬಾರರ ಹತ್ತಿರ ಎರಡು ಮಣ್ಣಿನ ಹುಂಡಿ ಕೊಂಡಳು. ಮಕ್ಕಳು ಕಾಸು ಹಾಕುತ್ತಾರಲ್ಲ, ಮೇಲೊಂದು ಸೀಳು ಬಿಟ್ಟರೆ ಬೇರೆ ಬಾಯಿಲ್ಲ, ಒಡೆದೇ ತೆಗೆಯಬೇಕು, ಅಂಥವು. ಒಂದಕ್ಕೆ ಸುಣ್ಣದ ಬೊಟ್ಟು ಇಟ್ಟಳು, ಒಂದಕ್ಕೆ ಕೆಮ್ಮಣ್ಣಿನ ಬೊಟ್ಟು. ಸುಣ್ಣದ್ದು ಹೋಗುವುದಕ್ಕೆ, ಕೆಮ್ಮಣ್ಣಿನದು ಇರುವುದಕ್ಕೆ. ಅವಳ ಅಪ್ಪನಿಗೆ ಓದು ಬರುತ್ತಿರಲಿಲ್ಲವಂತೆ. ಕುರಿಗೊಂದರಂತೆ ಚೀಲದಲ್ಲಿ ಹುಣಸೆ ಬೀಜ ಇಟ್ಟುಕೊಳ್ಳುತ್ತಿದ್ದನಂತೆ. ಮರಿ ಹುಟ್ಟಿದರೆ ಒಂದು ಹಾಕುವುದು, ಸತ್ತರೆ ಒಂದು ತೆಗೆಯುವುದು. ಮಂದೆಯ ವಿಷಯದಲ್ಲಿ ಅಣ್ಣತಮ್ಮಂದಿರಿಗೆ ಜಗಳ ಬಂದರೆ ಚೀಲ ಸುರಿಯುತ್ತಿದ್ದರು. ಸುರಿದ ಮೇಲೆ ಮಾತಿಲ್ಲ.

"ದಿನಾ ಡ್ಯೂಟಿ ಮುಗಿಸ್ಕಂಡು ಬಂದು ಒಂದು ಬೀಜ ಹಾಕ್ತೀನಿ," ಎಂದಳು. "ಅವತ್ತು ಮನಸ್ಸು ಎಲ್ಲಿಗೆ ಎಳೀತೈತೋ ಅದಕ್ಕೆ. ಕಡೀಗೆ ಒಡೆದು ನೋಡಾಣ. ಯಾವುದ್ರಾಗೆ ಜಾಸ್ತಿ ಅವೆಯೋ ಹಂಗೆ. ಅದರ ಮೇಲೆ ವಾದ ಇಲ್ಲ."

ಹುಂಡಿಗಳು ಗೂಡಿನಲ್ಲಿ, ಹಳೆ ಸೀರೆಯ ಪರದೆಯ ಹಿಂದೆ ಇದ್ದವು. ಸಂಜೆ ಅವಳು ಪರದೆಯೊಳಗೆ ಕೈ ಹಾಕುತ್ತಿದ್ದಳು. ಬೀಜ ಬಿದ್ದ ಸದ್ದು ಕೇಳುತ್ತಿತ್ತು. ಯಾವುದಕ್ಕೆ ಬಿತ್ತು ಎಂದು ಕಾಣುತ್ತಿರಲಿಲ್ಲ.

ಆ ಒಂದೂವರೆ ತಿಂಗಳು ನಮ್ಮಲ್ಲಿ ಬೇರೆ ಮಾತೇ ಇರಲಿಲ್ಲ. ಅಲ್ಲಿ ಬಿಳಿ ಬೂಟು ಕೊಡುತ್ತಾರಂತೆ, ಹಾಸ್ಟೆಲಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕೋಣೆಯಂತೆ, ಬಿಸಿನೀರು ನಲ್ಲಿಯಲ್ಲೇ ಬರುತ್ತದಂತೆ. ಸಂಬಳ ಒಳ್ಳೆಯದು. ತಾಯಿಯ ಕಣ್ಣಿನ ಪೊರೆ ತೆಗೆಸಬಹುದು. ಅಲ್ಲಿ ಯಾರೂ ನಿನಗಿನ್ನೂ ಮದುವೆ ಆಗಿಲ್ಲವಾ ಎಂದು ಕೇಳುವುದಿಲ್ಲ. ಕೇಳಿದರೂ ಆ ಭಾಷೆ ತಿಳಿಯುವುದಿಲ್ಲ, ಇದು ಅಕ್ಕ ನಗುತ್ತ ಸೇರಿಸಿದ್ದು. ಈ ಕಡೆಗೆ ಹೇಳುವ ಕೆಲಸವೆಲ್ಲ ನನ್ನದು. ಮುದ್ದೆ ಸಿಗುವುದಿಲ್ಲ ಎಂದೆ. ಮಂಜು ಬೀಳುವ ಚಳಿ ಎಂದೆ. ಜ್ವರ ಬಂದು ಮಲಗಿದರೆ ಒಂದು ಲೋಟ ನೀರು ಕೊಡುವವರು ಯಾರು ಎಂದೆ. ದೂರದ ಬೆಟ್ಟ ನುಣ್ಣಗೆ ಎಂದು ಟೀಚರಮ್ಮನ ಹಾಗೆ ಗಾದೆಯನ್ನೂ ಹೇಳಿದೆ.

"ಹತ್ರದ ಬೆಟ್ಟದ ಕಲ್ಲು ನೋಡಿ ನೋಡಿ ಸಾಕಾಗೈತೆ ಕಣೆ," ಎಂದಳು.

ಅಜ್ಜಿ ಒಂದು ದಿನ ನೂಲುತ್ತ ಕುಳಿತಿದ್ದವಳು ತಲೆಯೆತ್ತಿ ಕೇಳಿದಳು. "ಅಲ್ಲಿ ಕುರಿ ಅವೇನೆ?"

"ಅವೆಯಂತಜ್ಜಿ. ಬಾಲ ಇಷ್ಟು ದಪ್ಪ ಇರ್ತೈತಂತೆ."

"ಹಂಗಾರೆ ಹೋಗು. ಕುರಿ ಇರೋ ಕಡೆ ಮನುಷ್ಯರೂ ಇರ್ತಾರೆ."

ಅಜ್ಜಿಯ ಮೇಲೆ ಆ ಹೊತ್ತು ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಎರಡು ದಿನ ಅವಳ ಮೊರಕ್ಕೆ ಬೀಜ ಹಾಕಲಿಲ್ಲ. ಎತ್ತಿಟ್ಟುಕೊಂಡೆ. ಎತ್ತಿಟ್ಟುಕೊಂಡ ಬೀಜ ಏನು ಮಾಡಿದೆ ಎನ್ನುವುದನ್ನು ಈಗ ಹೇಳಬೇಕು.

ಶನಿವಾರ ನನಗೆ ಅರ್ಧ ದಿನ ಸ್ಕೂಲು. ಅಕ್ಕ ಸಂಜೆಯ ತನಕ ಬರುತ್ತಿರಲಿಲ್ಲ. ಮಧ್ಯಾಹ್ನ ಅಂಗಳದಲ್ಲಿ ಮಗ್ಗದ ಸದ್ದು ನಡೆದಿತ್ತು. ನಾನು ಪರದೆ ಸರಿಸಿ ಕೆಮ್ಮಣ್ಣು ಬೊಟ್ಟಿನ ಹುಂಡಿಗೆ ಬೀಜ ಹಾಕಿದೆ. ಮೊದಲನೆಯದು ಬರಿಯ ಮಣ್ಣಿಗೆ ಬಡಿದ ಹಾಗೆ ಟಣ್ ಎಂದಿತು. ಇದರಲ್ಲಿ ಕಡಿಮೆ ಇವೆ ಎಂದುಕೊಂಡು ಇನ್ನಷ್ಟು ಹಾಕಿದೆ. ಮುಂದಿನ ಶನಿವಾರವೂ ಹಾಕಿದೆ. ಅದರ ಮುಂದಿನದೂ. ಪಾಪ ಎಂದು ಅನ್ನಿಸಲಿಲ್ಲ. ಬೋರ್ಡು ಒರೆಸುವಾಗ ಹೇಗೆ ಒರೆಸುತ್ತೇವೋ ಹಾಗೆ ಆ ಕೆಲಸ ಮಾಡಿ ಕೈ ಝಾಡಿಸಿಕೊಂಡೆ.

ಉತ್ತರ ಬರೆಯುವ ಹಿಂದಿನ ದಿನ ಅಕ್ಕ ಹುಂಡಿಗಳನ್ನು ಮೊರದ ಮೇಲಿಟ್ಟು ಒಳಕಲ್ಲಿನ ಗುಂಡಿನಿಂದ ಒಡೆದಳು. ಮೊದಲು ಸುಣ್ಣದ್ದು. ಕುರಿ ಎಣಿಸುವ ಹಾಗೆ ಎರಡೆರಡಾಗಿ ಸರಿಸಿ ಎಣಿಸಿದಳು. ಮೂವತ್ತೇಳು. ಆಮೇಲೆ ಕೆಮ್ಮಣ್ಣಿನದು. ಅದು ಒಡೆದು ಬೀಜ ಹರಡಿದಾಗ ಅವಳ ಕೈ ಹಾಗೇ ನಿಂತಿತು. ಒಂದು ಗಳಿಗೆ ಬೀಜಗಳನ್ನೇ ನೋಡಿದಳು. ನನ್ನ ಕಡೆ ನೋಡಲಿಲ್ಲ. ನಿಧಾನವಾಗಿ ಅವನ್ನೂ ಎಣಿಸಿದಳು. ಐವತ್ತೆರಡು.

"ಆತು ಬಿಡು," ಎಂದಳು. "ಇಲ್ಲೇ ಇರಾಣ."

ಎರಡೂ ಗುಡ್ಡೆಯನ್ನು ಒಟ್ಟು ಮಾಡಿ, ಮಡಕೆಯ ಚೂರು ಆರಿಸಿ ತೆಗೆದು, ಬೀಜವನ್ನು ಅಜ್ಜಿಯ ಮೊರಕ್ಕೆ ಸುರಿದು ಬಂದಳು. ಮಾರನೆಯ ದಿನ ಬರುವುದಿಲ್ಲವೆಂದು ಕಾರ್ಡು ಬರೆದು ಡಬ್ಬಿಗೆ ಹಾಕಿದಳು. ನಾನೂ ಜೊತೆಗೆ ಹೋಗಿದ್ದೆ. ಬರುವಾಗ ಇಬ್ಬರೂ ಮಂಡಕ್ಕಿ ತಿಂದೆವು.

ನನಗೆ ಸಂತೋಷ ಆಗಬೇಕಿತ್ತು. ಆಗಲಿಲ್ಲ. ದುಃಖವೂ ಆಗಲಿಲ್ಲ. ಊಟ ಮಾಡಿದೆ, ನೋಟ್ಸ್ ಬರೆದೆ, ಮಲಗಿದೆ. ಆ ದಿನ ಮರಗಟ್ಟಿದ ಒಂದು ಜಾಗ ಇಷ್ಟು ವರ್ಷವಾದರೂ ಹಾಗೇ ಇದೆ. ಮುಟ್ಟಿದರೆ ಗೊತ್ತಾಗುತ್ತದೆ, ನೋಯುವುದಿಲ್ಲ.

ಒಂದೂಕಾಲು ವರ್ಷ ಕಳೆಯಿತು. ಅಕ್ಕ ಎಂದಿನಂತೆ ಇದ್ದಳು. ಬದಲಾದವಳು ನಾನು. ಚಿತ್ರದುರ್ಗದ ಒಬ್ಬ ಮೇಷ್ಟರ ಸಂಬಂಧ ಬಂತು. ಹುಡುಗ ನನಗೇ ಹಿಡಿಸಿದ, ಅಪ್ಪನೂ ಒಪ್ಪಿದ. ಬೇಡವೆನ್ನಲು ಕಾರಣವೇ ಇರಲಿಲ್ಲ. ವರ್ಗಾವಣೆ ಸಿಕ್ಕಿತು, ಟ್ರಂಕು ಕಟ್ಟಿ ಹೊರಟೆ. ನಾನು ಹೋದರೆ ಆ ಕೋಣೆಯಲ್ಲಿ ಅಕ್ಕ ಒಬ್ಬಳೇ ಎನ್ನುವುದು ನನಗೆ ಹೊಳೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೊಳೆದಿತ್ತು, ಅದನ್ನು ಆಚೆ ಸರಿಸಿದೆ.

ಲಗ್ನಪತ್ರಿಕೆ ಕೊಡಲು ಒಂದು ಭಾನುವಾರ ಹಿರಿಯೂರಿಗೆ ಹೋದೆ. ಅಕ್ಕ ಅರಿಶಿನ ಕುಂಕುಮ ಕೊಟ್ಟಳು, ಪಾಯಸ ಮಾಡಿದ್ದಳು. ಹೊರಡುವಾಗ ಒಳಗಿನಿಂದ ಹೊಸ ಕಂಬಳಿ ತಂದು ತೊಡೆಯ ಮೇಲಿಟ್ಟಳು.

"ಆವಾಗ್ಲೇ ಅಜ್ಜಿ ಹತ್ರ ಹೇಳಿ ನೇಯಿಸಿಟ್ಟಿದ್ದು. ನಿನ್ನ ಬೀಜನೂ ಅವೆ ಇದ್ರಾಗೆ."

ನನ್ನ ಬೀಜ ಎಂದಳು. ನಾನು ತಲೆ ತಗ್ಗಿಸಿ ಕಂಬಳಿಯ ಅಂಚು ಸವರುತ್ತ ಕುಳಿತೆ. ಅಕ್ಕ ದನಿ ಏರಿಸಲಿಲ್ಲ. ರೋಗಿಗೆ ಔಷಧಿ ಹೇಳುವ ದನಿಯಲ್ಲೇ ಹೇಳಿದಳು.

"ಆ ಹುಂಡಿಗೆ ನಾನು ಒಂದು ಬೀಜನೂ ಹಾಕಿರ್ಲಿಲ್ಲ ಕಣೆ. ದಿನಾ ಕೈ ಸುಣ್ಣದ್ದಕ್ಕೇ ಹೋಗೋದು."

ಮಗ್ಗ ಅವತ್ತು ನಿಂತಿತ್ತು. ನಾನು ಏನೋ ಕೇಳಬೇಕಲ್ಲ ಎಂದು ಕೇಳಿದೆ. "ಮತ್ತೆ ಯಾಕಕ್ಕ ಹೋಗ್ಲಿಲ್ಲ?"

"ಐವತ್ತೆರಡು ಸಲ ಇರು ಅಂದಿದ್ಯಲ್ಲ," ಎಂದಳು. "ನಂಗೆ ಯಾರೂ ಅಷ್ಟು ಸಲ ಇರು ಅಂದಿರ್ಲಿಲ್ಲ."

ಆಮೇಲೆ ಎದ್ದು ಕಂಬಳಿಯನ್ನು ಹಳೆ ಪಂಚೆಯಲ್ಲಿ ಕಟ್ಟಿ ಕೊಟ್ಟಳು. "ಬಸ್ಸಿಗೆ ಹೊತ್ತಾತು. ಬಾ, ಹೋಗಾಣ," ಎಂದು ಸ್ಟ್ಯಾಂಡಿನ ತನಕ ಬಂದಳು. ನಾನು ತಪ್ಪಾಯ್ತು ಎನ್ನಲಿಲ್ಲ. ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಬಸ್ಸು ಹೊರಟಾಗ ಅವಳು ಕೈ ಎತ್ತಿದಳು, ನಾನೂ ಎತ್ತಿದೆ.

ಮದುವೆಗೆ ಬಂದಿದ್ದಳು. ಆಮೇಲೆ ಕಾಗದಗಳು, ಆಮೇಲೆ ಅವೂ ವಿರಳವಾದವು. ಒಂದೆರಡು ವರ್ಷಕ್ಕೆ ಇರಾನಿನಲ್ಲಿ ಗಲಭೆ ಎಂದು ಪೇಪರಿನಲ್ಲಿ ಬರತೊಡಗಿತು. ನೋಡು, ನಾನೇ ಅವಳನ್ನು ಉಳಿಸಿದ್ದು ಎಂದು ನನಗೆ ನಾನೇ ಹೇಳಿಕೊಂಡೆ. ಆ ಸಮಾಧಾನ ಬಹಳ ದಿನ ಬಾಳಲಿಲ್ಲ. ಅವಳ ಜೊತೆ ಅರ್ಜಿ ಹಾಕಿದ್ದ ಇನ್ನೊಬ್ಬಳು ಅಲ್ಲಿಂದ ಬೇರೆ ದೇಶಕ್ಕೆ ಹೋಗಿ, ಚೆನ್ನಾಗಿದ್ದು, ಬಂದು ಹೋಗುತ್ತಿದ್ದಾಳೆ ಎಂದು ಯಾರೋ ಹೇಳಿದರು. ಅಕ್ಕನಿಗೂ ಹಾಗೇ ಆಗುತ್ತಿತ್ತೋ, ಚಳಿಯಲ್ಲಿ ಜ್ವರ ಬಂದು ಮಲಗುತ್ತಿದ್ದಳೋ... ಹೋಗಿದ್ದರೆ ಗೊತ್ತಾಗುತ್ತಿತ್ತು. ತೂಗಿ ನೋಡುವ ಕೆಲಸ ಅವಳದಾಗಿತ್ತು, ತಕ್ಕಡಿಯ ಮೇಲೆ ನಾನು ಕೂತಿದ್ದೆ.

ಅವಳು ಹಿರಿಯೂರಿನಲ್ಲೇ ಇದ್ದು ರಿಟೈರ್ ಆದಳು. ಅದೇ ಕೋಣೆಯಲ್ಲಿ. ಬೇರೆ ಯಾರನ್ನೂ ಜೊತೆಗೆ ಇಟ್ಟುಕೊಳ್ಳಲಿಲ್ಲವಂತೆ. ತೀರಿಕೊಂಡ ಸುದ್ದಿ ನನಗೆ ಮುಟ್ಟುವಾಗ ಮೂರು ತಿಂಗಳಾಗಿತ್ತು. ಸುದ್ದಿ ಹೇಳಿದವರಿಗೆ ಕಾಫಿ ಮಾಡಿ ಕೊಟ್ಟೆ.

ಮಗಳು ಕಂಬಳಿಯನ್ನು ನಾಲ್ಕು ನೀರಿನಲ್ಲಿ ಜಾಲಿಸಿದಳು. ಮೊದಲ ನೀರು ಅಂಬಲಿಯ ಹಾಗೆ ಮಂದವಾಗಿತ್ತು. ಎಷ್ಟು ಕೊಳೆ ನೋಡಮ್ಮ ಎಂದು ಅದನ್ನು ಕರಿಬೇವಿನ ಬುಡಕ್ಕೆ ಸುರಿದಳು. ಕೊಳೆಯಲ್ಲ ಎಂದು ನಾನು ಹೇಳಲಿಲ್ಲ. ಎರಡು ದಿನ ತಾರಸಿಯಲ್ಲಿ ಒಣಗಿತು. ಮೂಸಿ ನೋಡಿದೆ, ಸೋಪಿನ ವಾಸನೆ ಬಂತು. ಈಗ ಮೆತ್ತಗಾಗಿದೆ, ಎಲ್ಲೂ ಚುಚ್ಚುವುದಿಲ್ಲ. ಹೊದ್ದುಕೋ, ಎಷ್ಟು ಹಿತವಾಗಿದೆ ಎನ್ನುತ್ತಾಳೆ ಮಗಳು. ಹೊದ್ದುಕೊಂಡಿದ್ದೇನೆ.