ಔಡಲೆಣ್ಣೆ ಹಚ್ಚಿದ ವಿಂಚಿನ ಹಗ್ಗ

ನಮ್ಮ ಹೊಲದ ಮನೆಯಿಂದ ಡಾಂಬರು ರಸ್ತೆಯವರೆಗೆ ಇರುವುದು ಎರೆಮಣ್ಣಿನ ದಾರಿ. ಬೇಸಿಗೆಯಲ್ಲಿ ಅದನ್ನು ದಾರಿ ಎನ್ನಬಹುದು. ಮಳೆ ಹಿಡಿದರೆ ದಾರಿ ಯಾವುದು, ಹೊಲ ಯಾವುದು, ಹೇಳಲು ಬರುವುದಿಲ್ಲ. ಚಪ್ಪಲಿಗೆ ಮೆತ್ತಿದ ಮಣ್ಣಿನ ಮೇಲೆ ಮತ್ತೆ ಮಣ್ಣು ಮೆತ್ತಿ, ಬದುವಿನ ತುದಿ ಮುಟ್ಟುವಷ್ಟರಲ್ಲಿ ನಾನು ನಾಲ್ಕು ಬೆರಳು ಎತ್ತರವಾಗಿರುತ್ತೇನೆ. ರಸ್ತೆ ಮುಟ್ಟಿದರೆ ಸಾಕು, ದುಂಡಸಿಯ ಕಡೆಯಿಂದ ಶಿಗ್ಗಾಂವಿಗೆ ಬಸ್ಸು ಸಿಗುತ್ತದೆ. ಆ ಮುಟ್ಟುವುದೇ ತೊಂದರೆ.

ಮಗಳು ಎಂಟನೆಯ ಇಯತ್ತೆಯಲ್ಲಿದ್ದ ಮಳೆಗಾಲದಲ್ಲಿ ನಮ್ಮ ಹಳೆಯ ಜೀಪು ಹಳ್ಳದ ಹತ್ತಿರದ ಇಳಿಜಾರಿನಲ್ಲಿ ಹೂತು ಹೂತು, ಅವಳಿಗೆ ಶಿಗ್ಗಾಂವಿನ ಶಾಲೆ ತಪ್ಪುತ್ತಲೇ ಹೋಯಿತು. ಶಾಲೆಯವರು ಕರೆಸಿ ಮಾತನಾಡಿದರು. ಅಂದು ಊಟಕ್ಕೆ ಕೂತಾಗ ಯಜಮಾನರು ರೊಟ್ಟಿ ಮುರಿಯುತ್ತ ಹೇಳಿದರು: "ಮುಂದಿನ ಮಳಿಗಾಲಕ್ಕೂ ಹಿಂಗ ಆತಂದ್ರ ಧಾರವಾಡದ ಹಾಸ್ಟೆಲ್‌ಗೆ ಹಾಕೂದ. ಹುಡುಗಿ ಅಭ್ಯಾಸ ಹಾಳಾಗಾಕತ್ತದ."

ಅತ್ತೆ ಬಟ್ಟಲಲ್ಲಿದ್ದ ಮಜ್ಜಿಗೆಯನ್ನು ಹಾಗೇ ಕೆಳಗಿಟ್ಟರು. ನಾನು ಇನ್ನೊಂದು ರೊಟ್ಟಿ ಬಡಿಸಿದೆ. ಹಾನಗಲ್ಲಿನ ತವರಿನಿಂದ ನನ್ನನ್ನು ದೂರದ ಕಾನ್ವೆಂಟಿಗೆ ಕಳಿಸಿದಾಗ ನಾನು ಮಗಳಿಗಿಂತ ಬಹಳ ಚಿಕ್ಕವಳು. ಅಲ್ಲಿ ನಮ್ಮ ಪ್ರತಿ ಬಟ್ಟೆಗೂ ಕೆಂಪು ದಾರದಲ್ಲಿ ಒಂದು ಅಂಕಿ ಹೊಲಿದಿರುತ್ತಿತ್ತು. ಈಗಲೂ ಯಜಮಾನರ ಅಂಗಿ ಮಡಚುವಾಗ ನನ್ನ ಬೆರಳು ಕಾಲರಿನ ಒಳಗೆ ಆ ಅಂಕಿಯನ್ನು ಹುಡುಕುತ್ತದೆ. ಸಿಸ್ಟರುಗಳು ಕೆಟ್ಟವರಾಗಿರಲಿಲ್ಲ. ಅಲ್ಲಿಂದ ನನಗೆ ಒಳ್ಳೆಯದಾಯಿತೋ ಕೆಟ್ಟದಾಯಿತೋ ಎಂದು ಕೇಳಿದರೆ ಇಷ್ಟು ವರ್ಷವಾದರೂ ಉತ್ತರ ಬರುವುದಿಲ್ಲ. ಮಗಳು ಮನೆಯಲ್ಲಿರಬೇಕು, ಅಷ್ಟೇ ಅನ್ನಿಸುತ್ತಿತ್ತು. ಯಾಕೆ ಎಂದು ಯಾರೂ ಕೇಳಲಿಲ್ಲ. ಕೇಳದೇ ಇದ್ದದ್ದು ಒಳ್ಳೆಯದೇ ಆಯಿತು.

ವಿಂಚಿನ ಮಾತು ತೆಗೆದವರು ಹಿರೇಕೆರೂರಿನಲ್ಲಿರುವ ಯಜಮಾನರ ಅಕ್ಕನ ಗಂಡ, ನಾವೆಲ್ಲ ಭಾವ ಎನ್ನುವವರು. ಅವರ ಜೀಪಿನ ಮುಂದೆ ಅದು ಮೊದಲಿನಿಂದಲೂ ಇದೆ. "ಒಂದು ಉರುಳಿ, ಉರುಳಿಗೆ ಸುತ್ತಿದ ಹಗ್ಗ, ತುದಿಗೆ ಕೊಂಡಿ. ಗಿಡಕ್ಕ ಸಿಗಸು, ಗುಂಡಿ ಒತ್ತು, ಜೀಪು ತಾನ ಎದ್ದ ಬರ್ತದ. ಅದನ್ನ ಬಿಟ್ಟು ಹುಡುಗೀನ ಹಾಸ್ಟೆಲ್‌ಗೆ ಹಾಕ್ತೀಯಲ್ಲೋ ಮಾರಾಯಾ!" ಎಂದರು. ಅವರು ಹೇಳುವಾಗ ಅದು ನೀರು ಕಾಯಿಸುವಷ್ಟು ಸುಲಭವಾಗಿ ಕೇಳಿಸಿತು.

ಆಮೇಲೆ ಗೊಂದಲ ಶುರುವಾಯಿತು. ಜೀಪಿನ ಒಟ್ಟು ತೂಕದ ಒಂದೂವರೆ ಪಟ್ಟಾದರೂ ಎಳೆಯುವ ಶಕ್ತಿ ವಿಂಚಿಗೆ ಬೇಕಂತೆ. ಅದು ತಿಳಿಯಿತು. ಆದರೆ ಎರೆಮಣ್ಣು ಗಾಲಿಯನ್ನು ಹೀರಿಕೊಳ್ಳುತ್ತದೆ, ಆದ್ದರಿಂದ ಇನ್ನೂ ದೊಡ್ಡದೇ ಇರಲಿ ಎಂದರು ಭಾವ. ದೊಡ್ಡದಾದರೆ ಅದರ ಭಾರಕ್ಕೇ ಜೀಪಿನ ಮೂಗು ಮಣ್ಣಿಗೆ ಇಳಿಯುತ್ತದೆ ಎಂದು ಇನ್ಯಾರೋ ಹೇಳಿದರು. ಎರಡೂ ಖರೆಯೇ. ನಾನು ಇಬ್ಬರ ಮಾತಿಗೂ ತಲೆಯಾಡಿಸಿದೆ. ಅಂಗಡಿಯಲ್ಲಿ ಸೀರೆ ಆರಿಸುವಾಗಲೂ ನಾನು ಹೀಗೆಯೇ.

ಕೊನೆಗೆ ಸವಣೂರಿನ ಒಂದು ಗ್ಯಾರೇಜಿಗೆ ಹೋದೆವು. ಅತ್ತೆಗೆ ಸವಣೂರಿನ ವೀಳ್ಯದೆಲೆ ಬೇಕಿತ್ತು, ಅವರೂ ಜೊತೆಗೆ ಬಂದರು. ಗ್ಯಾರೇಜಿನವರನ್ನು ಎಲ್ಲರೂ ಚಾಚಾ ಎನ್ನುತ್ತಿದ್ದರು. ಮೆಹಂದಿ ಹಚ್ಚಿದ ಗಡ್ಡ, ಕಿವಿಯ ಮೇಲೆ ಸಿಕ್ಕಿಸಿದ ಪೆನ್ಸಿಲ್ಲು. ಪೆನ್ಸಿಲಿನ ಹಿಂದಿನ ರಬ್ಬರು ಮಾತ್ರ ಹೊಸದು, ಒಮ್ಮೆಯೂ ಉಜ್ಜಿಲ್ಲ. ತಿನ್ನಲು ನಮ್ಮ ಮುಂದೆ ಸವಣೂರು ಖಾರದ ಪೊಟ್ಟಣ ಬಿಚ್ಚಿಟ್ಟು, ಎರಡು ಬಗೆಯ ಹಗ್ಗ ತಂದು ಮೇಜಿನ ಮೇಲೆ ಹಾಕಿದರು. ಒಂದು ಉಕ್ಕಿನ ತಂತಿಯದು. ಇನ್ನೊಂದು ಜಡೆ ಹೆಣೆದಂತೆ ಹೆಣೆದ ನೀಲಿ ಬಣ್ಣದ ಪ್ಲಾಸ್ಟಿಕ್ ನೂಲಿನದು.

"ತಂತಿ ಅಂದ್ರ ಅತ್ತಿ ಇದ್ದಂಗ ನೋಡ್ರಿ ಅಕ್ಕಾ. ಕಲ್ಲಿಗಿ ಅಂಜಂಗಿಲ್ಲ, ಬಿಸಲಿಗಿ ಅಂಜಂಗಿಲ್ಲ. ಆದ್ರ ಹರೀತಂದ್ರ ಹಾವಿನಂಗ ತಿರುಗಿ ಬಂದು ಹೊಡೀತದ. ಈ ನೀಲಿದು ಸೊಸಿ. ಹಗರ ಅದ, ಹರದ್ರೂ ಅಲ್ಲೇ ಸುಮ್ನ ಬೀಳ್ತದ. ಆದ್ರ ಬಿಸಲು, ಉಸುಕು ತಡ್ಯಂಗಿಲ್ಲ."

ಬಾಗಿಲ ಬಳಿ ಎಲೆಯ ತೊಟ್ಟು ಮುರಿಯುತ್ತಿದ್ದ ಅತ್ತೆ ತಲೆ ಎತ್ತದೆ ಕೇಳಿದರು: "ಸೊಸಿ ಹೊಡ್ಯಂಗಿಲ್ಲಂತ ನಿಮಗ ಯಾರ ಹೇಳಿದ್ರರಿ ಚಾಚಾ?"

ಚಾಚಾ ನಕ್ಕು ಕೆಮ್ಮಿದರು. ಯಜಮಾನರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಇಷ್ಟು ಮಾತಿನಲ್ಲಿ ನನಗೆ ಅರ್ಥವಾದದ್ದು ಒಂದೇ: ಹರಿದರೆ ಪಕ್ಕದಲ್ಲಿ ನಿಂತವರಿಗೆ ಬಡಿಯುವುದು ಯಾವುದು, ಬಡಿಯದೇ ಇರುವುದು ಯಾವುದು. ಪಕ್ಕದಲ್ಲಿ ನಿಲ್ಲುವವಳು ನನ್ನ ಮಗಳು. "ನೀಲಿದ ಇರ್ಲಿರಿ," ಎಂದೆ.

ವಿಂಚು ಕೂರಿಸಿ ಕೊಡುವಾಗ ಚಾಚಾ ಮಗಳನ್ನೂ ಕರೆದು ತೋರಿಸಿದರು. ಹಗ್ಗವನ್ನು ಪೂರ್ತಿ ಬಿಚ್ಚಿ ಎಳೆಯಬಾರದು, ಉರುಳಿಯ ಮೇಲೆ ಕೆಲವು ಸುತ್ತು ಉಳಿಯಲೇಬೇಕು. ಇಂಜಿನ್ ಚಾಲೂ ಇರಲಿ, ಇಲ್ಲದಿದ್ದರೆ ಬ್ಯಾಟರಿ ಕೂರುತ್ತದೆ. ಒಂದಿಷ್ಟು ಎಳೆದು ಮೋಟಾರು ಆರಲು ಬಿಡಬೇಕು. ಎಳೆಯುವಾಗ ಹಗ್ಗದ ಮೇಲೆ ಒದ್ದೆ ಗೋಣಿಚೀಲ ಹೊದಿಸಬೇಕು. ಕೆಲಸ ಮುಗಿದ ಮೇಲೆ ಬರಿ ನೀರಿನಲ್ಲಿ ಕೆಸರು ತೊಳೆದು, ನೆರಳಲ್ಲಿ ಒಣಗಿಸಿ, ಬಿಗಿಯಾಗಿ ಸಾಲಾಗಿ ಸುತ್ತಬೇಕು. ಮಳೆ ಇಲ್ಲದ ತಿಂಗಳಲ್ಲೂ ಆಗಾಗ ತಿರುಗಿಸಿ ನೋಡಬೇಕು. ಮಗಳು ಒಮ್ಮೆ ಕೇಳಿ ಎಲ್ಲವನ್ನೂ ಹೇಳಿಬಿಟ್ಟಳು. ನಾನು ಗೋಣಿಚೀಲದ ಮಾತನ್ನು ಮಾತ್ರ ನೆನಪಿಟ್ಟುಕೊಂಡೆ.

ಜೊತೆಗೆ ಇಂಗ್ಲಿಷಿನ ಒಂದು ಪುಸ್ತಿಕೆಯಿತ್ತು. ಇಂಗ್ಲಿಷ್ ನನ್ನ ಪಾಲಿನ ಕೆಲಸ. ಕಾನ್ವೆಂಟಿನಲ್ಲಿ ಕಲಿತ ಉಚ್ಚಾರದಲ್ಲಿ ಒಂದು ಪುಟ ಗಟ್ಟಿಯಾಗಿ ಓದಿದೆ.

"ಅಂದ್ರ?" ಎಂದರು ಯಜಮಾನರು.

"ಅಂದ್ರ... ಅದ, ಮುಂದ ಬಳಿ ಥರದ್ದು ಇರ್ತದಲ್ಲ, ಅದರಾಗಿಂದ ಹಗ್ಗ ಬರ್ತದ."

"ಅದು ಕಾಣಸ್ತದಲ್ಲ!"

ನಾನು ಪುಸ್ತಿಕೆ ಮುಚ್ಚಿಟ್ಟೆ. ಒಂದೊಂದು ಪದವೂ ಓದಲು ಬರುತ್ತಿತ್ತು. ಯಾವುದೂ ನನ್ನ ಮನೆಯ ವಸ್ತುವಿಗೆ ಹೊಂದುತ್ತಿರಲಿಲ್ಲ.

ಕಾರಹುಣ್ಣಿಮೆ ಬಂತು. ನಮ್ಮ ಎತ್ತುಗಳನ್ನು ಮಾರಿ ವರ್ಷಗಳಾಗಿವೆ. ಆದರೆ ಅತ್ತೆ ಹಬ್ಬ ಬಿಟ್ಟವರಲ್ಲ. ಎತ್ತುಗಳಿದ್ದಾಗ ಆ ದಿನ ಅವುಗಳ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ, ಮನೆಯಲ್ಲಿರುವ ಹಗ್ಗ, ಕಣ್ಣಿ, ಮೂಗುದಾರ ಎಲ್ಲಕ್ಕೂ ಔಡಲೆಣ್ಣೆ ತಿಕ್ಕುವುದು ಅವರ ಪದ್ಧತಿ. ಮಳೆಯ ನೀರು ಕುಡಿದು ಹಗ್ಗ ಕೊಳೆಯಬಾರದು ಎಂದು. ಆ ಹಬ್ಬದ ದಿನ ನಾನು, ಯಜಮಾನರು ಹಾನಗಲ್ಲಿಗೆ ನನ್ನ ತವರಿಗೆ ಹೋಗಿದ್ದೆವು. ಸಂಜೆ ಬಸ್ಸಿಳಿದು ನಡೆದು ಬಂದು ನೋಡಿದರೆ, ಜೀಪಿನ ಮೂತಿಗೆ ಕೆಮ್ಮಣ್ಣು ಬಳಿದು, ಕೊಂಡಿಗೆ ಕುಂಕುಮ ಇಟ್ಟಿದೆ. ನೀಲಿ ಹಗ್ಗ ಪೂರ್ತಿ ಬಿಚ್ಚಿಕೊಂಡು ಅಂಗಳದ ಉದ್ದಕ್ಕೆ ಮಲಗಿದೆ. ಒಂದು ತುದಿಯಲ್ಲಿ ಅತ್ತೆ, ಇನ್ನೊಂದು ತುದಿಯಲ್ಲಿ ಮಗಳು. ಇಬ್ಬರ ಮೊಣಕೈ ತನಕ ಎಣ್ಣೆ ಮಿಂಚುತ್ತಿತ್ತು.

"ಅವ್ವಾ, ಇದಕ್ಕ ಎಣ್ಣಿ ಯಾಕ ಹಚ್ಚಿದಿ?" ಯಜಮಾನರ ದನಿ ತೆಳ್ಳಗಾಯಿತು.

"ಮಳಿಗಾಲದಾಗ ಹಗ್ಗಕ್ಕ ಎಣ್ಣಿ ಇಡಲಾರದ ಯಾವಾಗರ ಇದ್ದೇವೇನೋ? ಫೋನ್‌ನ್ಯಾಗ ಅಳ್ಯಾರನೂ ಕೇಳೇನಿ. ವಿಂಚಿಗೆ ಎಣ್ಣಿ ಹಚ್ಚಬೇಕರಿ, ಇಲ್ಲಂದ್ರ ಜಂಗ್ ಹಿಡೀತದ ಅಂದ್ರು."

ಹಿರೇಕೆರೂರಿನ ಭಾವ ಹೇಳಿದ್ದು ತಮ್ಮ ಉಕ್ಕಿನ ತಂತಿಯ ಮಾತು. ಅವರದೂ ತಪ್ಪಲ್ಲ, ಅತ್ತೆಯದೂ ತಪ್ಪಲ್ಲ. ನಾನು ಬಗ್ಗಿ ಹಗ್ಗ ಮುಟ್ಟಿದೆ. ಅಂಗಳದ ಕರಿ ಧೂಳು, ಜೋಳದ ಹೊಟ್ಟು, ಮಿಣಿ ಮಿಣಿ ಮಿಂಚುವ ಸಣ್ಣ ಉಸುಕು, ಎಲ್ಲವೂ ಎಣ್ಣೆಗೆ ಅಂಟಿ ಎಳೆಗಳ ಸಂದಿನಲ್ಲಿ ಕೂತಿದ್ದವು.

ಚಾಚಾಗೆ ಫೋನು ಮಾಡಿದೆವು. "ಯಾ ಅಲ್ಲಾ! ಹಗ್ಗಕ್ಕ ಎಣ್ಣಿಸ್ನಾನ ಮಾಡಿಸ್ಯಾರ?" ಎಂದು ಮೊದಲು ನಕ್ಕರು. ಆಮೇಲೆ ಗಂಭೀರವಾದರು. "ಎಣ್ಣಿ ಏನೂ ಮಾಡಂಗಿಲ್ಲರಿ ಸಾಹೇಬ್ರ. ಎಣ್ಣಿಗೆ ಹತ್ತಿದ ಉಸುಕು ಒಳಗ ಹೊಕ್ಕು ಎಳಿ ಕೊಯ್ತದ. ಹಗರ ಸಾಬೂನು ನೀರಾಗ ತೊಳೀರಿ."

"ತೊಳದ್ರ ಸರಿ ಆಗ್ತದೇನ್ರಿ?"

"ಆದ್ರ ಆತು. ನಾ ಗ್ಯಾರಂಟಿ ಹೆಂಗ ಹೇಳ್ಲಿರಿ?"

ಅತ್ತೆ ಯಾರನ್ನೂ ಕರೆಯದೆ ಹಂಡೆಯಲ್ಲಿ ಅಂಟುವಾಳ ನೆನೆಹಾಕಿದರು. ತಮ್ಮ ಧಾರೆಯ ಸೀರೆಯನ್ನು ತೊಳೆಯುವುದೂ ಅದರಲ್ಲೇ. ಮಾರನೆಯ ದಿನ ಅವರು, ನಾನು ಕೂತು ಹಗ್ಗವನ್ನು ಗೇಣು ಗೇಣಾಗಿ ಹಿಂಡಿದೆವು. ನೀರು ಕಾಡಿಗೆಯಂತಾಯಿತು. ಅತ್ತೆ ಹಂಡೆಯತ್ತ ನೋಡುತ್ತ ಹೇಳಿದರು: "ನನ್ನ ಕೈಯಾರೆ ಮೊಮ್ಮಗಳನ್ನ ಹಾಸ್ಟೆಲ್‌ಗೆ ದಬ್ಬಿದಂಗಾತಲ್ಲವ್ವಾ." ನಾನು "ಹಂಗ ಅನಬ್ಯಾಡ್ರಿ" ಎಂದೆ. ಹಗ್ಗದ ಮುಂದಿನ ಗೇಣಿಗೆ ಕೈ ಹಾಕಿದೆ.

ಖಾಲಿ ದನದ ಕೊಟ್ಟಿಗೆಯ ನೆರಳಲ್ಲಿ ಹಗ್ಗ ಒಣಗಿತು. ಮೊದಲಿನ ನೀಲಿ ಹೋಗಿ ಬೂದಿ ಬಣ್ಣವಾಗಿತ್ತು. ಅಲ್ಲಲ್ಲಿ ಬೆಕ್ಕಿನ ಮರಿಯ ಮೈಯಂತೆ ಸಣ್ಣ ಕೂದಲು ಎದ್ದಿದ್ದವು. ಮೇಲ್ಮೈ ಮಾತ್ರ ಸವೆದದ್ದೋ, ಒಳಗೂ ಕೊಯ್ದದ್ದೋ? ಯಜಮಾನರು ಹಿಡಿದು ಜಗ್ಗಿ ನೋಡಿದರು. ಮನುಷ್ಯ ಜಗ್ಗಿದರೆ ಅದು ಏನು ಹೇಳೀತು? ಹೊಸ ಹಗ್ಗ ತರಿಸಲು ಚಾಚಾಗೆ ಹೇಳಿದರು. ಅದು ಬರುವ ಮೊದಲೇ ಮಳೆ ಬಂತು.

ಅಂದು ಬೆಳಿಗ್ಗೆ ಮಗಳಿಗೆ ಶಾಲೆಯಲ್ಲಿ ಪರೀಕ್ಷೆ ಇತ್ತು. ಹಳ್ಳದ ಇಳಿಜಾರಿನಲ್ಲಿ ಜೀಪು ಒಮ್ಮೆ ನಿಟ್ಟುಸಿರು ಬಿಟ್ಟಂತೆ ಸದ್ದು ಮಾಡಿ ಹೊಟ್ಟೆಯ ತನಕ ಇಳಿಯಿತು. ಯಜಮಾನರು ಇಂಜಿನ್ ನಿಲ್ಲಿಸದೆ, ಗಾಲಿ ತಿರುಗಿಸದೆ ಕೂತರು.

"ಹಗ್ಗ ಹರದ್ರ ಏನ್ ಮಾಡೂದು?" ಎಂದರು ನನಗೆ.

"ಹರದ್ರ ಸುಮ್ನ ಬೀಳ್ತದ ಅಂದಾರಲ್ಲ."

"ಅಂದಾರ. ನೋಡಿದವರು ಯಾರು?"

ನಾವು ಹೀಗೆ ಮಾತಾಡುವಷ್ಟರಲ್ಲಿ ಮಗಳು ಬೂಟು, ಕಾಲುಚೀಲ ಬಿಚ್ಚಿ ಸೀಟಿನ ಮೇಲಿಟ್ಟು, ಕೈಗವಸು ಹಾಕಿಕೊಂಡು ಇಳಿದಾಗಿತ್ತು. ವಿಂಚಿನ ಹಿಡಿಕೆ ತಿರುಗಿಸಿ ಹಗ್ಗ ಸಡಿಲಿಸಿ, ಕೊಂಡಿ ಹಿಡಿದು, ಮೊಣಕಾಲುದ್ದದ ಕೆಸರಿನಲ್ಲಿ ಆಚೆಯ ಜಾಲಿಗಿಡದತ್ತ ಹೊರಟಳು. ಜಡೆಯ ಬಿಳಿ ರಿಬ್ಬನ್ನು ಮಾತ್ರ ಸ್ವಚ್ಛವಾಗಿತ್ತು. ಗಿಡದ ಬೊಡ್ಡೆಗೆ ಅಗಲ ಪಟ್ಟಿ ಸುತ್ತಿ, ಕೊಂಡಿ ಸಿಕ್ಕಿಸಿ, ದೂರ ಸರಿದು ಕೈ ಎತ್ತಿದಳು. ನಾನು ಗೋಣಿಚೀಲವನ್ನು ಹಳ್ಳದ ನೀರಿನಲ್ಲಿ ಅದ್ದಿ ಹಗ್ಗದ ಮೇಲೆ ಹೊದಿಸಿ, ಬದುವಿನ ಮೇಲೆ ಹೋಗಿ ನಿಂತೆ.

ಯಜಮಾನರು ಗುಂಡಿ ಒತ್ತಿದರು. ಹಗ್ಗ ಮೆಲ್ಲನೆ ನೆಲ ಬಿಟ್ಟು ಎದ್ದು, ಗೆರೆ ಎಳೆದಂತೆ ನೇರವಾಯಿತು. ಅದರೊಳಗಿನ ನೀರು ಸಣ್ಣ ಮಂಜಿನಂತೆ ಹಾರಿತು. ಚಿಟ್ ಎಂದು ಎಲ್ಲೋ ಒಂದು ಎಳೆ ಹರಿದ ಸದ್ದು ಕೇಳಿಸಿತು, ಅಥವಾ ನನಗೆ ಹಾಗೆ ಕೇಳಿಸಿತು. "ನಿಲ್ಲಸ್ರಿ!" ಎಂದೆ. "ಅಪ್ಪಾ, ಎಳೀ!" ಎಂದಳು ಮಗಳು. ಅವರು ನಿಲ್ಲಿಸಿದರು, ಮತ್ತೆ ಎಳೆದರು. ಯಾರ ಮಾತು ಕೇಳಿದರೋ ತಿಳಿಯಲಿಲ್ಲ. ಕೆಸರು ಗಾಲಿಯನ್ನು ಬಾಯಿ ಚಪ್ಪರಿಸಿದಂತೆ ಬಿಟ್ಟುಕೊಟ್ಟಿತು. ಜೀಪು ಮೇಲೆ ಬಂತು.

ರಸ್ತೆ ಸಿಕ್ಕಿದ ಮೇಲೆ ಯಜಮಾನರು ಬಸ್ಸಿಗೆ ಕಾಯದೆ ಶಿಗ್ಗಾಂವಿಗೇ ಜೀಪು ಓಡಿಸಿದರು. ಬಹಳ ಖುಷಿಯಲ್ಲಿದ್ದರು. "ಇನ್ನ ಹಾಸ್ಟೆಲ್ ಮಾತು ಯಾರರ ತಗೀರಿ ನೋಡೋಣ!" ಎಂದರು, ಆ ಮಾತು ತೆಗೆದವರು ತಾವಲ್ಲ ಎಂಬಂತೆ.

ಮಗಳು ಕಾಲಿನ ಕೆಸರನ್ನು ಹಳೆಯ ಅರಿವೆಯಿಂದ ಒರೆಸುತ್ತ ಹೇಳಿದಳು: "ನಾ ಹೋಗಂಗಿಲ್ಲಂತ ಯಾವಾಗ ಅಂದೇನಪ್ಪಾ? ನನ್ನ ಯಾರೂ ಕೇಳಲೇ ಇಲ್ಲ. ನನ್ನ ಒಬ್ಬಾಕಿನ ಸಾಲಿಗೆ ಮುಟ್ಟಸಾಕ ಮನಿಮಂದಿಯೆಲ್ಲಾ ಕೆಸರಾಗ ನಿಂದ್ರೂದು ನನಗ ಛಲೋ ಅನಸೂದಿಲ್ಲ."

ಶಾಲೆಯ ಮುಂದೆ ಅವಳು ಬೂಟು ಹಾಕಿಕೊಂಡು, ಒಮ್ಮೆಯೂ ತಿರುಗಿ ನೋಡದೆ ಓಡಿದಳು. ತಡವಾಗಿತ್ತು, ಅದಕ್ಕೇ ಓಡಿದ್ದಿರಬೇಕು.

ಸಂಜೆ ಅಂಗಳದಲ್ಲಿ ಅವಳು, ನಾನು ಹಗ್ಗ ತೊಳೆಯುತ್ತ ಕೂತೆವು. ಅತ್ತೆ ಬಾಗಿಲಲ್ಲಿ ಕೂತು ನೋಡುತ್ತಿದ್ದರು, ಹಗ್ಗ ಮುಟ್ಟಲು ಬರಲಿಲ್ಲ. ಮಗಳು ಒಂದೊಂದೇ ಎಳೆ ಬಿಡಿಸಿ ಒಳಗಿನ ಕರಿ ಮಣ್ಣಿಗೆ ನೀರು ಬಿಡುತ್ತಿದ್ದಳು.

"ಅವ್ವಾ, ಹಾಸ್ಟೆಲ್‌ನ್ಯಾಗ ನೀ ಅಳತಿದ್ಯಾ?"

"ಅಳತಿದ್ದೆ. ರಜಾಕ್ಕ ಮನಿಗೆ ಬಂದಾಗ ಅಲ್ಲಿಗೆ ಹೋಗಬೇಕಂತನೂ ಅಳತಿದ್ದೆ."

ಅವಳು ಕೈ ನಿಲ್ಲಿಸಿ ನನ್ನನ್ನು ನೋಡಿದಳು. "ಹಂಗಂದ್ರ ನಾ ಹೋಗ್ಲೋ, ಬ್ಯಾಡೋ?"

ಬ್ಯಾಡ ಎನ್ನಲು ಬಾಯಿ ತೆರೆದೆ. ಇಷ್ಟು ದಿನ ಇದೊಂದು ಮಾತು ಮಾತ್ರ ನನಗೆ ಸ್ಪಷ್ಟವಾಗಿತ್ತು. ಅದೂ ಬರಲಿಲ್ಲ.

"ಮೊದಲ ಈ ಮಳಿಗಾಲ ಮುಗೀಲಿ," ಎಂದೆ.

ಅದು ಉತ್ತರವಲ್ಲ ಎಂದು ಅವಳಿಗೂ ಗೊತ್ತಾಯಿತು. ಆದರೂ ತಲೆಯಾಡಿಸಿದಳು, ನಾನು ಆಡಿಸುವ ಹಾಗೆಯೇ.