ಔಷಧಿ ಹೊಡೆಯುವವರ ಮನೆಯ ಓತಿ

ನನ್ನ ಭಾವನನ್ನು ಊರೆಲ್ಲ ಮನೆಗೆ ಕರೆಯುತ್ತದೆ. ಆದರೆ ಅವರು ಬಂದದ್ದು ಮಾತ್ರ ಯಾರಿಗೂ ಗೊತ್ತಾಗಬಾರದು. ಅವರದು ಜಿರಳೆ, ತಿಗಣೆ, ಗೆದ್ದಲಿಗೆ ಔಷಧಿ ಹೊಡೆಯುವ ಕೆಲಸ. ಕೊಲ್ಲುವುದಕ್ಕೂ ಔಷಧಿ ಎಂದೇ ಹೆಸರಿಟ್ಟಿರುವ ನಮ್ಮ ಜನರ ದೊಡ್ಡ ಮನಸ್ಸನ್ನು ಮೆಚ್ಚಬೇಕು. "ಗಾಡಿ ಸ್ವಲ್ಪ ಆಚೆ ನಿಲ್ಲಿಸಿ ಬನ್ನಿ" ಎಂದು ಫೋನಿನಲ್ಲೇ ಹೇಳಿಬಿಡುತ್ತಾರೆ. ಒಬ್ಬಾಕೆಯಂತೂ ಪಕ್ಕದ ಮನೆಯವರು ಎದುರಾದಾಗ, ಇವರು ಫ್ರಿಜ್ ರಿಪೇರಿಯವರು ಎಂದುಬಿಟ್ಟಳು. ಪಕ್ಕದಾಕೆ ಬಿಡುತ್ತಾಳೆಯೇ? ನಮ್ಮ ಫ್ರಿಜ್ಜೂ ಒಂದೇ ಸಮ ಗೊರಗೊರ ಅನ್ನುತ್ತದೆ, ನೋಡಿ ಹೋಗಿ ಎಂದು ಎಳೆದುಕೊಂಡು ಹೋದಳು. ಭಾವ ಹಿಂದೆಯೇ ಹೋದರು. ಫ್ರಿಜ್ಜಿನ ಹಿಂದೆ ಟಾರ್ಚು ಬಿಟ್ಟು, ಅಲ್ಲಿ ಸಂಸಾರ ಹೂಡಿದ್ದ ಜಿರಳೆಗಳಿಗೆ ಔಷಧಿ ಇಟ್ಟು, ಸದ್ದು ಒಂದೆರಡು ದಿನ ಇರುತ್ತೆ ಅಮ್ಮಾ ಎಂದು ಹೇಳಿ ಬಂದರು.

ಇದನ್ನೆಲ್ಲ ಅವರು ಹೇಳಿಕೊಳ್ಳುವವರಲ್ಲ. ನಾನೇ ಕೆದಕಿ ಕೆದಕಿ ಹೊರಡಿಸಿದ್ದು. ನಾನು ಅಕ್ಕನ ಮನೆಯ ಮಹಡಿಯ ಕೋಣೆಯಲ್ಲಿ ಬಾಡಿಗೆಗೆ ಇದ್ದೇನೆ. ಬಾಡಿಗೆಗೆ ಎನ್ನುವುದು ಮರ್ಯಾದೆಗೆ ಆಡುವ ಮಾತು. ಹಗಲೆಲ್ಲ ಕನ್ನಡಕದ ಅಂಗಡಿಯಲ್ಲಿ ಜನರ ಕಣ್ಣು ಸರಿಮಾಡಿ, ಊಟದ ಹೊತ್ತಿಗೆ ತಪ್ಪದೆ ಕೆಳಗಿಳಿದು ಬರುತ್ತೇನೆ.

ಹೊರಗೆ ಹೇಗೋ ಹಾಗೆಯೇ ಮನೆಯಲ್ಲೂ ಭಾವನಿಗೆ ಹಿಂಬಾಗಿಲೇ ಗತಿ. ಕೆಲಸದಿಂದ ಬಂದವರು ನೇರ ಹಿಂದಿನ ಬಚ್ಚಲಿಗೆ ಹೋಗಿ, ಬಟ್ಟೆಯನ್ನು ಬೇರೆ ಬಕೆಟ್ಟಿಗೆ ಹಾಕಿ, ಚರ್ಮ ಕಿತ್ತುಬರುವ ಹಾಗೆ ಸೋಪು ತಿಕ್ಕಿಕೊಂಡ ಮೇಲೆಯೇ ಒಳಗೆ ಕಾಲಿಡುವುದು. ಇದು ಅಕ್ಕ ಮಾಡಿದ ಕಾನೂನಲ್ಲ. ಮಗಳು ಹುಟ್ಟಿದಾಗ ಅವರೇ ಹಾಕಿಕೊಂಡದ್ದು. ಮಗು ತಪ್ಪು ಹೆಜ್ಜೆ ಇಡುತ್ತ ಓಡಿ ಬಂದರೆ ಇವರು ಗೋಡೆಗೆ ಅಂಟಿ ನಿಲ್ಲುತ್ತಿದ್ದರು. "ಬೇಡ ಪುಟ್ಟಾ, ಅಪ್ಪನ ಮೈಯೆಲ್ಲ ವಿಷ." ಸ್ನಾನ ಮುಗಿಸಿ ಬರುವಷ್ಟರಲ್ಲಿ ಮಗು ಅತ್ತು ಮಲಗಿರುತ್ತಿತ್ತು. ಆಗಲೂ ಇವರಿಗೆ ಅನುಮಾನ. ಉಗುರಿನ ಸಂದಿಯನ್ನು ಮೂಸಿ ನೋಡಿಕೊಂಡು, ತೊಟ್ಟಿಲ ಪಕ್ಕ ಸುಮ್ಮನೆ ನಿಂತು ಬರುತ್ತಿದ್ದರು.

ಈಗ ಮಗಳು ಕಾಲೇಜಿಗೆ ಹೋಗುತ್ತಾಳೆ. ಔಷಧಿಗಳೂ ಬದಲಾಗಿವೆ. ಮೊದಲಿನ ಹಾಗೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಮನೆಯೆಲ್ಲ ಹೊಡೆಯುವುದು ಕಡಿಮೆಯಾಗಿ, ಮೂಲೆಮೂಲೆಗೆ ಅಂಟಿನಂಥ ಔಷಧಿಯ ಒಂದೊಂದು ಚುಕ್ಕೆ ಇಟ್ಟು ಬರುವುದೇ ಹೆಚ್ಚು. ಆದರೆ ಅಪ್ಪ ಮಗಳ ನಡುವಿನ ಆ ಎರಡು ಮಾರು ಮಾತ್ರ ಹಾಗೇ ಉಳಿದುಕೊಂಡಿದೆ. ಒಂದೇ ಸೋಫಾದಲ್ಲಿ ಕೂತರೂ ಅವರು ಆ ತುದಿ, ಇವಳು ಈ ತುದಿ ಎನ್ನುವ ಹಾಗೆ. ಜಗಳವಿಲ್ಲ, ಮುನಿಸಿಲ್ಲ. ನನಗೆ ಇದು ಕಾಣದೆ ಇಲ್ಲ. ಹಾಗೆಂದು ಬಾಯಿಬಿಟ್ಟು ಹೇಳಿದವನಲ್ಲ, ಊಟ ಮಾಡಿ ಮಹಡಿ ಹತ್ತಿದವನು.

ಹೀಗಿರುವಾಗ ಒಂದು ಸಂಜೆ ಭಾವ ಹಿಂಬಾಗಿಲಲ್ಲಿ ಗಾಜಿನ ಪೆಟ್ಟಿಗೆಯೊಂದನ್ನು ಇಳಿಸಿದರು. ಮೀನು ಸಾಕುವಂಥ ಪೆಟ್ಟಿಗೆ. ಒಳಗೆ ಮರಳು, ಮರದ ಕೊಂಬೆ. ಕೊಂಬೆಯ ಮೇಲೆ ಮೊಳಕೈ ಉದ್ದದ ಒಂದು ಹೊರದೇಶದ ಓತಿ, ಗಲ್ಲದ ಕೆಳಗೆ ಮುಳ್ಳುಮುಳ್ಳಾದ ಗಡ್ಡ, ಕತ್ತು ನೆಟ್ಟಗೆ, ನೋಟ ಓರೆ. ಅದರ ಯಜಮಾನ ಬಾಡಿಗೆ ಮನೆ ಖಾಲಿಮಾಡುವಾಗ ಹಳೆಯ ಹಾಸಿಗೆ, ಮುರಿದ ಕುರ್ಚಿಗಳ ಜೊತೆ ಇದನ್ನೂ ಬಿಟ್ಟು ಹೋಗಿದ್ದನಂತೆ. ತಿಗಣೆಗೆಂದು ಭಾವನನ್ನು ಕರೆಸಿದ್ದ ಮನೆಯೊಡೆಯ, "ಎಲ್ಲದಕ್ಕೂ ಹೊಡೀತೀರಲ್ಲ, ಇದಕ್ಕೂ ಒಂದಿಷ್ಟು ಹೊಡೆದುಬಿಡಿ" ಎಂದನಂತೆ.

"ಹೊಡೀಬಹುದಿತ್ತು," ಎಂದರು ಭಾವ. "ಅದು ನನ್ನ ಮುಖ ನೋಡ್ತು."

ಅಕ್ಕ ಒಮ್ಮೆ ಪೆಟ್ಟಿಗೆಯನ್ನು ನೋಡಿದಳು, ಒಮ್ಮೆ ಗಂಡನನ್ನು. "ಇರಲಾರದೆ ಇರುವೆ ಬಿಟ್ಕೊಂಡ್ರು ಅಂತಾರೆ. ನೀವು ಇರುವೆ ಓಡ್ಸೋರು, ಅದಕ್ಕೇ ಓತಿ ಬಿಟ್ಕೊಂಡ್ರಾ?"

"ಕಚ್ಚಲ್ಲ ಕಣೇ. ಸಾಧು ಪ್ರಾಣಿ."

"ನಿಮಗೆ ಹೇಗೆ ಗೊತ್ತು?"

"ದಾರಿ ಉದ್ದಕ್ಕೂ ಸುಮ್ನೆ ಕೂತಿತ್ತು."

"ಓತಿಕ್ಯಾತಕ್ಕೆ ಬೇಲಿ ಸಾಕ್ಷಿ ಅಂತೆ," ಎಂದು ಅಕ್ಕ ಸೆರಗು ಸಿಕ್ಕಿಸಿಕೊಂಡು ಒಳಗೆ ನಡೆದಳು. ಹೋಗುತ್ತಲೇ ತೀರ್ಪನ್ನೂ ಕೊಟ್ಟಳು. ಭಾನುವಾರದವರೆಗೆ ಇರಲಿ. ಅಷ್ಟರಲ್ಲಿ ಇದು ಸಂಸಾರಸ್ಥರ ಮನೆಯಲ್ಲಿ ಇರುವಂಥದ್ದೋ ಅಲ್ಲವೋ ಎಲ್ಲರೂ ಕೂತು ತೀರ್ಮಾನ ಮಾಡಬೇಕು.

ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ, ಭಾವ ಈ ಮನೆಯಲ್ಲಿ ತಮಗೆಂದು ಒಂದು ಕರ್ಚೀಫನ್ನೂ ಕೇಳಿದವರಲ್ಲ. ಮೊದಲ ಸಲ ಒಂದು ಆಸೆ ಅವರ ಮುಖದಲ್ಲಿ ಕಂಡಿತು, ಅದೂ ಗಡ್ಡವಿದ್ದ ಓತಿಯ ಮೇಲೆ.

ಮಗಳು ಫೋನಿನಲ್ಲಿ ಓದಿ ಓದಿ ಎರಡೇ ದಿನದಲ್ಲಿ ಪಂಡಿತಳಾದಳು. ಕತ್ತು ಬಿಗಿದು ಓರೆಗಣ್ಣಲ್ಲಿ ನೋಡುತ್ತಿದ್ದುದರಿಂದ ಅದಕ್ಕೆ ಮೇಷ್ಟ್ರು ಎಂದು ಹೆಸರಿಟ್ಟವಳೂ ಅವಳೇ. ಮೇಷ್ಟ್ರಿಗೆ ಬಿಸಿಲಿನಂಥ ಬಲ್ಬು ಬೇಕು, ಸೊಪ್ಪು ಬೇಕು, ಜೀವಂತ ಹುಳು ಬೇಕು. ಒಂದು ಸಂಜೆ ಓದುತ್ತ ಓದುತ್ತ, "ಕೀಟನಾಶಕ ತಾಗಿದ ಕೈಯಲ್ಲಿ ಮುಟ್ಟಬಾರದಂತೆ, ಔಷಧಿ ತಿಂದ ಹುಳ ಹಾಕಿದ್ರೆ ಸತ್ತೇ ಹೋಗುತ್ತಂತೆ," ಎಂದಳು. ಯಾರನ್ನೂ ಕುರಿತು ಹೇಳಿದ್ದಲ್ಲ. ಆದರೆ ಪೆಟ್ಟಿಗೆಯ ಹತ್ತಿರ ಬಗ್ಗಿ ನಿಂತಿದ್ದ ಭಾವ ಮೆಲ್ಲಗೆ ಹಿಂದೆ ಸರಿದು ಕೈ ಕಟ್ಟಿಕೊಂಡರು. ಅಂದಿನಿಂದ ಕೋಣೆಯ ಈಚೆ ತುದಿಯಿಂದಲೇ ಅದರೊಡನೆ ಮಾತು. "ಏನ್ ಮೇಷ್ಟ್ರೇ, ಬೆಚ್ಚಗಿದೆಯಾ?" ಮೇಷ್ಟ್ರು ಒಂದು ಕಣ್ಣು ಮುಚ್ಚುತ್ತಿದ್ದರು. ಅಷ್ಟಕ್ಕೇ ಭಾವನಿಗೆ ತೃಪ್ತಿ.

ಸೊಪ್ಪನ್ನು ಮೇಷ್ಟ್ರು ಮೂಸಿಯೂ ನೋಡಲಿಲ್ಲ. ಜಿರಳೆಯೇ ಬೇಕು. ಇಲ್ಲಿ ಬಂತು ನೋಡಿ ಫಜೀತಿ. ಊರಿನ ಯಾವ ಮೂಲೆಯಲ್ಲಿ ಎಷ್ಟು ಜಿರಳೆ ಎಂದು ಹೇಳಬಲ್ಲ ಮನುಷ್ಯನಿಗೆ ವಿಷ ಸೋಕದ ಒಂದೇ ಒಂದು ಜಿರಳೆ ಸಿಗಲಿಲ್ಲ. ಗೊತ್ತಿದ್ದ ಮನೆಗಳಿಗೆಲ್ಲ ಅವರೇ ಮುಂಚೆ ಹೋಗಿ ಬಂದಿದ್ದರು. ಕೊನೆಗೆ ಪ್ರಾಣಿಗಳ ಅಂಗಡಿಗೆ ಹೋಗಬೇಕಾಯಿತು, ಧೈರ್ಯಕ್ಕೆ ನನ್ನನ್ನೂ ಕರೆದುಕೊಂಡು. ಅಂಗಡಿಯವನು ತೂತಿನ ಡಬ್ಬವೊಂದನ್ನು ಮುಂದಿಟ್ಟು, "ಚೆನ್ನಾಗಿ ಸಾಕಿರೋದು ಸರ್. ಕ್ಯಾರೆಟ್ ತಿಂದು ಬೆಳೆದಿರೋವು," ಎಂದ. ಭಾವ ಮುಚ್ಚಳ ತೆಗೆದು ನೋಡಿದರು. ಕ್ಯಾರೆಟ್ ತಿಂದ ಜಿರಳೆಗಳು ಅವರನ್ನು ನೋಡಿದವು. ಜಿರಳೆ ಕೊಂದು ಗಳಿಸಿದ ದುಡ್ಡನ್ನೇ ಎಣಿಸಿ ಜಿರಳೆಗೆ ಕೊಟ್ಟರು.

"ಯಾರಾದ್ರೂ ಗಿರಾಕಿ ನೋಡಿದ್ರೆ ನನ್ನ ಕಥೆ ಮುಗೀತು," ಎಂದು ಡಬ್ಬವನ್ನು ಅಂಗಿಯೊಳಗೆ ಅವಿಸಿಕೊಂಡು, ಗಾಡಿಯನ್ನು ದೂರ ನಿಲ್ಲಿಸಿ, ಹಿಂಬಾಗಿಲಿನಿಂದ ಮನೆಗೆ ಬಂದರು. ಈ ಕಲೆಯಲ್ಲಿ ಅವರಿಗೆ ಅಭ್ಯಾಸ ಸಾಕಷ್ಟಿತ್ತು.

ಮೇಷ್ಟ್ರು ಆ ಸಂಜೆ ಗಡ್ಡ ಅಲ್ಲಾಡಿಸಿ ಊಟ ಮಾಡಿದರು. ಮಗಳು ಚಪ್ಪಾಳೆ ತಟ್ಟಿದಳು. ಭಾವ ಬಾಗಿಲಲ್ಲಿ ನಿಂತು, ಓತಿಯನ್ನು ನೋಡಿದ್ದಕ್ಕಿಂತ ಹೆಚ್ಚಾಗಿ ಮಗಳು ನಗುವುದನ್ನು ನೋಡಿದರು ಎಂದು ನನ್ನ ಗುಮಾನಿ.

ಭಾನುವಾರ ಬಂತು. ಬೆಳಗಿನ ತಿಂಡಿ ಮುಗಿಸಿ ನಾಲ್ವರೂ ನಡುಮನೆಯಲ್ಲಿ ಕೂತೆವು. ಮೇಷ್ಟ್ರ ಪೆಟ್ಟಿಗೆಯನ್ನೂ ಟಿ.ವಿ.ಯ ಪಕ್ಕದ ಮೇಜಿನ ಮೇಲೆ ತಂದಿಟ್ಟಾಯಿತು. ಆರೋಪಿ ಎದುರಿಗಿರಬೇಕಲ್ಲ. ಮೊದಲು ನನ್ನ ಅಭಿಪ್ರಾಯ ಕೇಳಿದರು. ಕೇಳಿದರು ಎಂದರೆ, ನಾನೇ ಶುರುಮಾಡಿದೆ. ನಾಯಿಯಾದರೆ ಕಾವಲಿಗಾಯಿತು, ಬೆಕ್ಕಾದರೆ ಇಲಿಗಾಯಿತು, ಓತಿಯೂ ಒಂದು ರೀತಿಯಲ್ಲಿ ಚೆನ್ನ, ಒಂದು ರೀತಿಯಲ್ಲಿ ಬೇಡ ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಮಾತಾಡಿ, ಕೊನೆಗೆ ನನ್ನ ವಿದ್ಯೆ ತೋರಿಸಲು, "ಇವಕ್ಕೆ ಪ್ರೀತಿ ಗೀತಿ ಏನೂ ಇರಲ್ಲ ಭಾವ. ಹತ್ತಿರ ಬಂದ್ರೂ ಬಿಸಿಗೆ ಬರೋದು ಅಷ್ಟೆ," ಎಂದೆ.

"ಇರಲಿ ಬಿಡು," ಎಂದರು ಭಾವ. "ನೀನೂ ಊಟಕ್ಕೇ ತಾನೆ ಬರೋದು? ನಿನ್ನನ್ನ ಇಟ್ಕೊಂಡಿಲ್ವಾ?"

ಅಕ್ಕ ನಕ್ಕಳು. ಅವಳು ನಕ್ಕರೆ ಅರ್ಧ ಕೆಲಸ ಆದ ಹಾಗೆ. ಮೇಷ್ಟ್ರು ಗೆದ್ದರು ಎಂದುಕೊಂಡೆ. ಅಷ್ಟರಲ್ಲಿ ಅಕ್ಕನ ನಗು ಕಿರುಚಾಟವಾಯಿತು.

"ರೀ! ಜಿರಳೆ!"

ಮುಚ್ಚಳ ಸರಿಯಾಗಿ ಹಾಕದ ಡಬ್ಬದಿಂದ ಕ್ಯಾರೆಟ್ ತಿಂದ ಜಿರಳೆಯೊಂದು ತಪ್ಪಿಸಿಕೊಂಡು ನೆಲದ ಮೇಲೆ ಓಡುತ್ತಿತ್ತು. ಅಕ್ಕ ಮದುವೆಯಾಗಿ ಬಂದ ಮೇಲೆ ಈ ಮನೆಯ ನೆಲದ ಮೇಲೆ ಕಂಡ ಮೊಟ್ಟಮೊದಲ ಜಿರಳೆ ಅದು. ಅವಳು ಸೋಫಾ ಹತ್ತಿದಳು. ಅವಳ ಪಕ್ಕ ನಾನೂ ಹತ್ತಿದೆ. ಭಾವ ಮಾತ್ರ ಬಾಣದ ಹಾಗೆ ಹಿಂಬಾಗಿಲಿಗೆ ಹೋದರು. ಕಣ್ಣು ಮಿಟುಕಿಸುವಷ್ಟರಲ್ಲಿ ಕೈಯಲ್ಲಿ ಔಷಧಿ ಹೊಡೆಯುವ ಪಂಪು ಹಿಡಿದು ಬಂದು ಮಂಡಿಯೂರಿದರು. ಜಿರಳೆ ಮೇಜಿನ ಕಾಲು ಹತ್ತಿ ಗಾಜಿನ ಪೆಟ್ಟಿಗೆಯ ಅಂಚಿಗೆ ಬಂದಿತ್ತು. ಮೇಲೆ ಬರಿಯ ಜಾಲರಿ, ಒಳಗೆ ಮೇಷ್ಟ್ರು. ಭಾವ ಪಂಪಿನ ಮೂತಿಯನ್ನು ಅಲ್ಲಿಗೆ ಗುರಿಯಿಟ್ಟರು.

"ಅಪ್ಪಾ!"

ಮಗಳ ಕೂಗಿಗೆ ಕೈ ನಿಂತಿತು. ಬೆರಳು ಇನ್ನೇನು ಒತ್ತುವುದರಲ್ಲಿತ್ತು. ಮತ್ತೆ ನೆಲಕ್ಕೆ ಬಿದ್ದ ಜಿರಳೆಯನ್ನು ನಾನು ಸೋಫಾದಿಂದ ಇಳಿದು ಚಪ್ಪಲಿಯಲ್ಲಿ ಹೊಡೆದು ಮುಗಿಸಿದೆ. ಆ ಮನೆಗೆ ನಾನು ಮಾಡಿದ ಏಕೈಕ ಉಪಕಾರ ಅದು. ಯಾರೂ ಗಮನಿಸಲಿಲ್ಲ. ಎಲ್ಲರೂ ಭಾವನನ್ನು ನೋಡುತ್ತಿದ್ದರು. ಅವರು ಪಂಪನ್ನು ಹೊರಗಿಟ್ಟು ಬಂದು, ಕುಸಿದ ಹಾಗೆ ಕೂತರು.

"ಇದು ನಮ್ಮನೆಗೆ ಆಗಲ್ಲ," ಎಂದರು. "ಅಂಗಡಿಯವನಿಗೆ ಕೊಟ್ಟು ಬರ್ತೀನಿ."

ಆಗ ಅಕ್ಕ ಪ್ಲೇಟು ತಿರುಗಿಸಿದಳು. "ಏನೂ ಆಗಲಿಲ್ವಲ್ಲ, ಇರಲಿ ಬಿಡ್ರೀ. ಆ ಪಂಪನ್ನ ಎಲ್ಲಾದ್ರೂ ಹೊರಗಡೆ ಇಟ್ಕೊಳ್ಳಿ, ಸಾಕು. ನನಗೇನೂ ತೊಂದರೆ ಇಲ್ಲ." ವಾರವೆಲ್ಲ ಓತಿಯನ್ನು ಶಪಿಸಿದ ಬಾಯಿ ಅದೇ.

"ಪಂಪಲ್ಲ ಕಣೇ, ನಾನು. ಕೈ ತಾನಾಗೇ ಹೋಯ್ತು. ಮೇಷ್ಟ್ರು ಒಳಗಿರೋದು ಗೊತ್ತಿದ್ದೂ ಹೋಯ್ತು." ಅವರು ಎರಡೂ ಕೈಯನ್ನು ತೊಡೆಗಳ ಕೆಳಗೆ ಅದುಮಿಟ್ಟುಕೊಂಡಿದ್ದರು. "ನನ್ನಂಥವನು ಇರೋ ಮನೇಲಿ ಇಂಥ ಪಾಪದ ಜೀವ ಬದುಕಲ್ಲ. ಇವತ್ತಲ್ಲ ನಾಳೆ ನನ್ನ ಕೈಯಿಂದಲೇ ಸಾಯುತ್ತೆ."

ಮನುಷ್ಯ ಒಂದೇ ಒಂದು ಆಸೆಪಟ್ಟು, ಅದನ್ನು ತಾನೇ ಎತ್ತಿ ಹೊರಗಿಡುತ್ತಿದ್ದ.

ಮಗಳು ಸೋಫಾದ ತನ್ನ ತುದಿಯಲ್ಲಿ ಕೂತಿದ್ದಳು. "ಅಪ್ಪಾ," ಎಂದಳು, "ನಾನೂ ಇದೇ ಮನೇಲಿ ಬೆಳೆದಿದ್ದಲ್ವಾ?"

"ಹೂಂ."

"ಬದುಕಿದ್ದೀನಲ್ಲ."

ಭಾವ ತಲೆ ಎತ್ತಲಿಲ್ಲ. "ನಿನ್ನನ್ನ ನಾನು ಮುಟ್ಟಲಿಲ್ಲ ಪುಟ್ಟಾ. ಅದಕ್ಕೇ ಬದುಕಿದ್ದೀಯ."

ಅಕ್ಕ ಮುಖ ತಿರುಗಿಸಿಕೊಂಡಳು. "ನಾನು ಅಂದ್ರೆ ನಿನಗೆ ಅಷ್ಟಕ್ಕಷ್ಟೆ ಅಂದ್ಕೊಂಡಿದ್ದೆ," ಎಂದಳು ಮಗಳು, ಬೈದ ಹಾಗೆ. ಆಮೇಲೆ ಎದ್ದು ಬಂದು ಅವರ ಪಕ್ಕದಲ್ಲಿ, ಸೂಜಿ ತೂರದಷ್ಟು ಒತ್ತಿ ಕೂತಳು. ತೊಡೆಯ ಕೆಳಗೆ ಅದುಮಿದ್ದ ಅವರ ಕೈಯನ್ನು ಬಲವಂತವಾಗಿ ಎಳೆದು ತನ್ನ ತಲೆಯ ಮೇಲೆ ಇಟ್ಟುಕೊಂಡಳು.

ಭಾವ ಗಾಬರಿಯಾದರು. "ಬೇಡ ಬೇಡ, ಈಗ ತಾನೆ ಪಂಪು ಮುಟ್ಟಿದೀನಿ. ಕೈ ತೊಳ್ಕೊಂಡಿಲ್ಲ."

"ಇರಲಿ," ಎಂದಳು ಅವಳು, ಕೈ ಬಿಡದೆ. "ಆಮೇಲೆ ತಲೆಗೆ ಸ್ನಾನ ಮಾಡ್ಕೋತೀನಿ."