ಮಾಳಿಗೆಯ ಬಿಸಿಲು ಯಾರಿಗೆ?

ಬಟ್ಟೆ ಅಳೆಯುವ ಟೇಪಿನಿಂದ ಮಾಳಿಗೆ ಅಳೆದವರನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ನನ್ನ ಯಜಮಾನರು.

ಅಂದು ಭಾನುವಾರ. ರಾಯದುರ್ಗದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಜೀನ್ಸ್ ಹೊಲಿಯುವ ಮಷೀನುಗಳು ಸುಮ್ಮನಿದ್ದವು. ಸೋಲಾರ್ ಪ್ಯಾನಲ್ಲಿಗೆ ಎಷ್ಟು ಜಾಗ ಸಿಗುತ್ತದೆ ಎಂದು ನೋಡಲು ಅವರು ಕೊರಳಿಗೆ ಟೇಪು ಹಾಕಿಕೊಂಡು ಮೇಲೆ ಹೋದರು. ಟೇಪಿನ ಇನ್ನೊಂದು ತುದಿ ನನ್ನ ಕೈಗೆ. "ಬಿಗಿ ಹಿಡಿ. ಇದು ಪ್ಯಾಂಟಲ್ಲ, ಆಲ್ಟ್ರೇಷನ್ ಮಾಡಾಕ ಬರಂಗಿಲ್ಲ" ಎಂದರು. ಆಮೇಲೆ ಕೆಳಗಿಳಿದು ಒಗ್ಗರಣೆ ಮಂಡಕ್ಕಿ ತಿಂದೆವು, ಚಹಾ ಕುಡಿದೆವು. ವಿಶೇಷವೇನೂ ಇಲ್ಲದ ದಿನ.

ಮರುದಿನ ಬೆಳಿಗ್ಗೆ ಎದೆ ಹಿಡಿದುಕೊಂಡರು. ಬಳ್ಳಾರಿಯ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

(ಕಳೆದ ವರ್ಷ ಈ ಅಂಕಣ ಕೆಲವು ವಾರ ಬರಲಿಲ್ಲ. ಕಾರಣ ಇದು.)

ಕರ್ಮಗಳೆಲ್ಲ ಮುಗಿದ ಮೇಲೆ ಒಂದು ಪ್ರಶ್ನೆ ಉಳಿಯಿತು. ಸೋಲಾರ್ ಹಾಕಿಸಬೇಕೋ, ಬೇಡವೋ? ಸಬ್ಸಿಡಿ ಬಂದರೂ ಕೈಯಿಂದ ಹಾಕುವುದು ಕಡಿಮೆಯೇನಲ್ಲ. ಬಟ್ಟೆಯ ಅಂಚು ಹೊಲಿಯುವ ಹೊಸ ಓವರ್‌ಲಾಕ್ ಮಷೀನಿಗೆಂದು ಕೂಡಿಟ್ಟ ದುಡ್ಡು ಬಿಟ್ಟರೆ ಬೇರೆ ಇರಲಿಲ್ಲ. ಇನ್ನು ಹೊಲಿಗೆಯ ಕೆಲಸ ನಡೆಸಬೇಕಾದವಳು ನಾನೊಬ್ಬಳೇ. ಎಡವಿದರೆ ಹಿಡಿಯಲು ಯಾರಿದ್ದಾರೆ?

ನಮ್ಮತ್ತೆ ಗುಮ್ಮಘಟ್ಟದ ಕಡೆಯವರು. ಮಾತು ಕಡಿಮೆ, ಆಡಿದರೆ ನೇರ. "ಹೋದವನ ಆಸಿ ಅವನ ಸಂಗಾಟ ಹೋತು. ರೊಕ್ಕಾರ ಉಳೀಲಿ" ಎಂದರು.

ನಾನು ಹಾಕಿಸಿಬಿಟ್ಟೆ. ಲೆಕ್ಕ ಸರಿಯಿದೆ ಎಂದು ಹಾಕಿಸಿದೆನೋ, ಯಜಮಾನರು ಅಳೆದಿದ್ದಾರೆ ಎಂದು ಹಾಕಿಸಿದೆನೋ? ಈಗಲೂ ಗೊತ್ತಿಲ್ಲ.

ಹಾಕಿಸಿದ ಮೇಲೆ ಕೆಲವು ವಿಷಯ ತಿಳಿದವು. ಮೊದಲು ಕೊರತೆ ಹೇಳುತ್ತೇನೆ. ಬೀದಿಯ ಕರೆಂಟ್ ಹೋದರೆ ನಮ್ಮ ಸೋಲಾರೂ ನಿಲ್ಲುತ್ತದೆ. ಬ್ಯಾಟರಿ ಇಲ್ಲದ ಪ್ಯಾನಲ್ಲಿನ ಸ್ವಭಾವವೇ ಅದಂತೆ. ಪಕ್ಕದ ಮನೆಯ ಈರಮ್ಮ ಬಿಡುತ್ತಾರೆಯೇ? "ಏನ್ರಿ, ಸೂರ್ಯನ್ನ ಮಾಳಗಿ ಮ್ಯಾಲ ಕಟ್ಟಿ ಹಾಕೀರಿ, ಹಗಲೊತ್ತಿನಾಗ ಕರೆಂಟಿಲ್ಲ ಅಂತ ಕುಂತೀರಲ್ರಿ?" ಧೂಳು ಒರೆಸುವ ಕೆಲಸವೂ ಸೇರಿತು. ನಮ್ಮೂರಿನ ಗಾಳಿಗೆ ಎಷ್ಟು ಒರೆಸಿದರೂ ಸಾಲದು. ಮಾಳಿಗೆಯಂತೂ ಅರ್ಧ ಹೋಯಿತು. ಬೇಸಿಗೆಯಲ್ಲಿ ಹಾಸಿಗೆ ಹಾಸುತ್ತಿದ್ದದ್ದೂ ಮೆಣಸಿನಕಾಯಿ ಒಣಗಿಸುತ್ತಿದ್ದದ್ದೂ ಅಲ್ಲಿಯೇ. ಕಂಪನಿಯವರು ಕೊಡುವ ಅಂದಾಜಿನಲ್ಲಿ ಇದನ್ನು ಯಾರು ಬರೆಯುತ್ತಾರೆ?

ಲಾಭ? ಇಸ್ತ್ರಿ ಪೆಟ್ಟಿಗೆ ಹಚ್ಚಿದರೆ ಮೊದಲು ಬಿಲ್ಲಿನ ಚಿಂತೆ ಹತ್ತುತ್ತಿತ್ತು. ಈಗ ಇಲ್ಲ. ಬಿಲ್ ಇಳಿಯಿತು. ಸುತ್ತಲಿನ ಗುಡ್ಡಗಳ ಮೇಲೆ ದೊಡ್ಡ ಗಾಳಿಯಂತ್ರಗಳು ತಿರುಗುತ್ತವೆ. ಆ ಕರೆಂಟ್ ಯಾವ ಊರಿಗೆ ಹೋಗುತ್ತದೋ. ನಮ್ಮ ಮಾಳಿಗೆಯದ್ದು ಮೊದಲು ನಮ್ಮ ಮಷೀನಿಗೇ ಇಳಿಯುತ್ತದೆ. ಕಲ್ಲಿದ್ದಲು ಸುಡದೆ ಒಂದು ಪ್ಯಾಂಟ್ ಹೊಲಿದೆ ಎಂದರೆ ಸಣ್ಣ ಸಮಾಧಾನವೇ?

ಹೀಗಿರುವಾಗ ಹೋದ ವಾರ ನಡೆದದ್ದು ಕೇಳಿ. ಸುಡುಬಿಸಿಲು. ಪ್ಯಾನಲ್ಲಿನ ಲೆಕ್ಕ ತೋರಿಸುವ ಮೊಬೈಲಿನ ಆ್ಯಪ್ ತೆಗೆದರೆ ಕರೆಂಟಿನ ಗೆರೆ ಏರಬೇಕಾದ ಹೊತ್ತಿನಲ್ಲಿ ನೆಲಕ್ಕಿಳಿದಿದೆ. ಮೋಡವಿಲ್ಲ. ಬೀದಿಯಲ್ಲಿ ಕರೆಂಟಿದೆ. ಮಷೀನಿನ ದುಡ್ಡು ಹೋಯಿತು ಎಂಬುದು ಒಂದು ಭಯ. ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಯಜಮಾನರು ಕಡೆಯದಾಗಿ ಮಾಡಿದ ತೀರ್ಮಾನ ತಪ್ಪಾಯಿತು ಎಂದು ಜನ ಹೇಳಿದರೆ?

ಕಂಪನಿಯ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. ತೆಲುಗು, ಕನ್ನಡ ಎರಡನ್ನೂ ಬೆರೆಸಿ ಮಾತಾಡುವ ಮನುಷ್ಯ. "ಭಯಪಡವದ್ದು ಅಮ್ಮಾ, ಹೆದರಬ್ಯಾಡ್ರಿ. ಮೇಲ ಹೋಗಿ ನೋಡ್ರಿ, ನೆರಳೇನಾರ ಬಿದ್ದೈತಾ. ಒಂದು ಪ್ಯಾನಲ್ಲಿಗ ಬಿದ್ರೂ ಸಾಲಿಗೆಲ್ಲಾ ಹೊಡ್ತ."

ಮೆಟ್ಟಿಲು ಹತ್ತಿದೆ. ಕೆಳಗಿನ ಸಾಲಿನ ಪ್ಯಾನಲ್ಲುಗಳ ಮೇಲೆ ಹಳೆಯ ಪಂಚೆ. ಪಂಚೆಯ ತುಂಬ ಅಕ್ಕಿ ಸಂಡಿಗೆ. ಪಕ್ಕದಲ್ಲಿ ಕಾಗೆ ಓಡಿಸಲು ಕೋಲು ಹಿಡಿದು ನಮ್ಮತ್ತೆ ಕುಳಿತಿದ್ದಾರೆ.

"ಅತ್ತಿ, ಇದೇನು ಮಾಡೀರಿ?"

"ಬಿಸಿಲು ಹಿಡಿಯೋ ಹಲಗಿ ಅಂತ ನೀನ ಹೇಳಿದ್ದಿ. ಹಿಡೀಲಿ ಬಿಡು. ನೆಲದಾಗ ಹಾಕಿದ್ರ ಇರವಿ ಬರ್ತಾವ."

"ಇದರಿಂದ ಮಷೀನ್ ನಡೀತೈತ್ರಿ."

"ಒಂದಿನ ಸಂಡಿಗಿ ಒಣಗಿದ್ರ ನಿನ್ನ ಮಷೀನೇನು ಉಪವಾಸ ಬೀಳ್ತೈತೇನು?"

ಪ್ಯಾನಲ್ಲಿಗೆ ಏನೂ ಆಗಿರಲಿಲ್ಲ. ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ.

ಕುಳಿತ ಮೇಲೆಯೇ ಇನ್ನೊಂದು ಹೊಳೆದದ್ದು. ನಮ್ಮಲ್ಲಿ ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಹಪ್ಪಳ, ಸಂಡಿಗೆ ಮಾಡುವುದಿಲ್ಲ. ಯಾರಾದರೂ ತಂದುಕೊಟ್ಟರೆ ಸರಿ, ನಾವಾಗಿ ಹಿಟ್ಟು ಬೇಯಿಸುವಂತಿಲ್ಲ. ವರ್ಷದ ಕಾರ್ಯ ಮುಗಿದು ಸ್ವಲ್ಪ ದಿನವಷ್ಟೇ ಆಗಿತ್ತು. ಸಂಡಿಗೆ ಮಾಡೋಣವೇ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಮಗನನ್ನು ಕಳಕೊಂಡ ತಾಯಿ ಯಾರನ್ನೂ ಕೇಳದೆ, ನಾನು ಅಂಗಡಿಗೆ ಹೋದಾಗ ಹಿಟ್ಟು ಬೇಯಿಸಿ, ಮೆಟ್ಟಿಲು ಹತ್ತಿ ಬಂದಿದ್ದರು.

ಇಬ್ಬರೂ ಸೇರಿ ಪಂಚೆಯನ್ನು ಎರಡು ಕಡೆ ಹಿಡಿದು ನೆಲಕ್ಕಿಳಿಸಿದೆವು. ಅರ್ಧ ಸಂಡಿಗೆ ಮುದ್ದೆಯಾದವು. ಆ್ಯಪಿನ ಗೆರೆ ಮತ್ತೆ ಮೇಲೇರಿತು. ಅತ್ತೆಗೆ ತೋರಿಸಿದೆ. "ಇದಕೂ ನಾಡಿ ಐತಿ ಹಂಗಾದ್ರ" ಎಂದವರು ತಡೆಯಲಾರದೆ ನಕ್ಕರು. ನಾನೂ ನಕ್ಕೆ.

ಹಾಗಾದರೆ ಖರ್ಚು ಹೆಚ್ಚೋ, ಲಾಭ ಹೆಚ್ಚೋ ಎಂದು ಕೇಳುವವರಿಗೆ ನನ್ನ ಉತ್ತರ: ಮಾಳಿಗೆ ಸಣ್ಣದಾದರೆ ಯೋಚಿಸಿ, ಹಗಲು ಕೆಲಸ ಮಾಡುವವರಾದರೆ ಹಾಕಿಸಿ, ಮನೆಯಲ್ಲಿ ಹಿರಿಯರಿದ್ದರೆ ಮೊದಲೇ ಹೇಳಿಡಿ. ನಮ್ಮ ಮನೆಯ ಮಟ್ಟಿಗೆ ತೀರ್ಮಾನ ತಪ್ಪಾಗಲಿಲ್ಲ.

ಈ ಕಥೆ ಕೇಳಿ ನಮ್ಮಿಬ್ಬರಿಗಿಂತ ಜೋರಾಗಿ ನಗಬೇಕಾದವರು ಮನೆಯಲ್ಲಿಲ್ಲ.